ಹೊಟ್ಟೆ ಕೊಯ್ಸಿಕೊಂಡವಳ ಅಕ್ಕ

ಆ ಬೀದಿಗೆ ಹೊಸದಾಗಿ ಬಂದವರು ಹೊಲಿಗೆಯಂಗಡಿ ಎಲ್ಲಿ ಎಂದು ಕೇಳಿದರೆ ಅಕ್ಕಪಕ್ಕದವರು ದಾರಿ ಹೇಳುವ ಮೊದಲು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದರು. ಅಂಗಡಿ ದೊಡ್ಡದೆಂದಲ್ಲ, ಅಂಗಡಿ ನಡೆಸುವ ಅಕ್ಕತಂಗಿಯರು ದೊಡ್ಡವರು. ಒಬ್ಬಳು ಕತ್ತರಿಸುವ ಮೇಜಿನಿಂದ ಹೊಲಿಗೆ ಯಂತ್ರದತ್ತ ಬರಬೇಕಾದರೆ ಇನ್ನೊಬ್ಬಳು ಎದ್ದು ಬಾಗಿಲಾಚೆ ನಿಲ್ಲಬೇಕಿತ್ತು. "ಸ್ವಲ್ಪ ಊರು ಬಿಟ್ಟು ಹೋಗೇ, ನಾನು ದಾಟ್ಬೇಕು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು. ಬೇರೆಯವರು ನಗುವ ಮೊದಲೇ ತಾವೇ ನಕ್ಕುಬಿಡುವುದು ಇಬ್ಬರೂ ಶಾಲೆಯ ದಿನಗಳಲ್ಲೇ ಕಲಿತಿದ್ದ ವಿದ್ಯೆ.

ದೊಡ್ಡವಳು ಬಟ್ಟೆ ಕತ್ತರಿಸುವುದರಲ್ಲಿ ಗಟ್ಟಿಗಿತ್ತಿ, ಚಿಕ್ಕವಳು ಹೊಲಿಯುವುದರಲ್ಲಿ. ಶಾಲೆಯ ಮಕ್ಕಳ ಸಮವಸ್ತ್ರ, ಆಸ್ಪತ್ರೆಯ ದಾದಿಯರ ಕೋಟು, ಮತ್ತೆ ಸಿದ್ಧ ಉಡುಪಿನ ಅಂಗಡಿಯಲ್ಲಿ ಅಳತೆ ಸಿಗದೆ ಮುಖ ಸಪ್ಪೆ ಮಾಡಿಕೊಂಡು ಬರುವ ದಪ್ಪನೆಯವರ ಬಟ್ಟೆ, ಇವೇ ಅವರ ಕೆಲಸ. ದೊಡ್ಡವಳಿಗೆ ಮದುವೆಯಾಗಿರಲಿಲ್ಲ. ಅಂಗಡಿಯ ಮೇಲಿನ ಮನೆಯಲ್ಲಿ ಅಮ್ಮನ ಜೊತೆ ಇದ್ದಳು. ಚಿಕ್ಕವಳು ಗಂಡನೊಂದಿಗೆ ಹಿಂದಿನ ಬೀದಿಯಲ್ಲಿ ಸಂಸಾರ ಹೂಡಿದ್ದಳು. ಆತ ಬಸ್ ಡಿಪೋದಲ್ಲಿ ಮೇಲ್ವಿಚಾರಕ. ಒಳ್ಳೆಯವನೇ, ಆದರೆ ಬೀದಿಯಲ್ಲಿ ಮಾತ್ರ ಹೆಂಡತಿಯನ್ನು ಹಿಂದೆ ಬಿಟ್ಟು ಸರಸರ ನಡೆಯುತ್ತಿದ್ದ, ಬಸ್ಸು ತಪ್ಪಿಹೋಗುತ್ತದೆ ಎನ್ನುವವನ ಹಾಗೆ.

ಚಿಕ್ಕವಳ ಮಂಡಿ ಮುಷ್ಕರ ಹೂಡಿದ ಮೇಲೆ, ದೊಡ್ಡವಳ ಸಕ್ಕರೆ ಕಾಯಿಲೆ ಯಾವ ಮಾತ್ರೆಗೂ ಬಗ್ಗದೆ ಹೋದ ಮೇಲೆ, ಇಬ್ಬರೂ ಒಟ್ಟಿಗೇ ದೊಡ್ಡಾಸ್ಪತ್ರೆಗೆ ಹೋದರು. ಹೊಟ್ಟೆಯ ಚೀಲದ ಬಹುಪಾಲು ಕತ್ತರಿಸಿ ತೆಗೆದು, ಉಳಿದದ್ದನ್ನು ಸಣ್ಣ ಕೊಳವೆಯ ಹಾಗೆ ಮಾಡಿ ಹೊಲಿಯುತ್ತೇವೆ ಎಂದು ಅಲ್ಲಿನ ಸರ್ಜನ್ ಚಿತ್ರ ಬರೆದು ವಿವರಿಸಿದರು. "ನಮ್ಮ ಕಸುಬೇ ಬಿಡಕ್ಕ, ಆಲ್ಟರೇಶನ್ನು" ಎಂದಳು ಚಿಕ್ಕವಳು. ಸರ್ಜನ್ನೂ ನಕ್ಕರು. ಆದರೆ ಅದಕ್ಕೂ ಮೊದಲು ಮನೋವೈದ್ಯರನ್ನು ಕಂಡು ಬರಬೇಕು, ಅವರು ಒಪ್ಪಿದ ಮೇಲೇ ದಿನ ಗೊತ್ತುಮಾಡುವುದು ಎಂದರು.

ಮೊದಲು ಒಳಗೆ ಹೋದವಳು ದೊಡ್ಡವಳು. ಮನೋವೈದ್ಯೆ ಮಧ್ಯವಯಸ್ಸಿನ ಹೆಂಗಸು, ಕೇಳಿದ್ದೂ ತೀರಾ ಸಾದಾ ಪ್ರಶ್ನೆಗಳು. ನಿದ್ದೆ ಹೇಗೆ? ಬೆಳಿಗ್ಗೆ ಏಳುವಾಗ ಹೇಗನಿಸುತ್ತದೆ? ಹಸಿವಿಲ್ಲದಾಗಲೂ ತಿನ್ನುತ್ತೀರಾ? ದೊಡ್ಡವಳು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಅಪ್ಪ ಹೋದ ಮೇಲೆ ರಜೆಯ ದಿನ ಪರದೆ ಎಳೆದುಕೊಂಡು ಮಲಗಿಯೇ ಕಳೆಯುವುದು, ಅಮ್ಮ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಹೊಟ್ಟೆ ನೋಯುವ ತನಕ ತಿನ್ನುವುದು, ತಿಂದಾದ ಮೇಲೆ ತನ್ನನ್ನು ತಾನೇ ಬೈದುಕೊಳ್ಳುವುದು. ಹೇಳುತ್ತ ಹೇಳುತ್ತ ಅಳು ಬಂತು. ಮನೋವೈದ್ಯೆ ಎಲ್ಲ ಕೇಳಿ, "ಆಪರೇಷನ್ ಬೇಡ ಅಂತ ನಾನು ಹೇಳ್ತಿಲ್ಲ. ಈಗಲೇ ಬೇಡ. ಮೊದಲು ಇದನ್ನ ನೋಡ್ಕೊಳ್ಳೋಣ" ಎಂದರು.

ದೊಡ್ಡವಳು ಕಣ್ಣು ಮೂಗು ಕೆಂಪಗೆ ಮಾಡಿಕೊಂಡು ಹೊರಬಂದು ತಂಗಿಗೆ ಎಲ್ಲ ಹೇಳಿದಳು. ಚಿಕ್ಕವಳು ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ಕೂದಲು ಸರಿಮಾಡಿಕೊಂಡು ಒಳಗೆ ಹೋದಳು. ಹೋದಷ್ಟೇ ಬೇಗ ಹೊರಗೂ ಬಂದಳು.

"ಏನು ಕೇಳಿದ್ರೇ?"

"ನಿದ್ದೆ ಬರುತ್ತಾ ಅಂದ್ರು, ಬರುತ್ತೆ ಅಂದೆ. ಖುಷಿಯಾಗಿದೀರಾ ಅಂದ್ರು, ಇದೀನಿ ಅಂದೆ. ಒಪ್ಕೊಂಡ್ರು."

ಅಲ್ಲಿಂದ ಶುರುವಾಯಿತು. ಹೊಟ್ಟೆ ಕೊಯ್ಸಿಕೊಂಡದ್ದು ತಂಗಿ, ಉರಿ ಬಿದ್ದದ್ದು ಅಕ್ಕನ ಹೊಟ್ಟೆಗೆ.

ಆಪರೇಷನ್ ಸಲೀಸಾಗಿ ಆಯಿತು. ಚಿಕ್ಕವಳು ವಾರಗಟ್ಟಲೆ ಚಮಚದಲ್ಲಿ ನೀರು, ತಿಳಿಸಾರು ಕುಡಿದುಕೊಂಡು ಮಲಗಿದ್ದಳು. ದೊಡ್ಡವಳೇ ಪಕ್ಕದಲ್ಲಿ ಕೂತು ಕುಡಿಸಿದಳು. ಆಗೆಲ್ಲ ಮನಸ್ಸಿನಲ್ಲಿ ಕನಿಕರವೇ ಇತ್ತು. ಆದರೆ ತಂಗಿ ಎದ್ದು ಅಂಗಡಿಗೆ ಬರತೊಡಗಿದಾಗ, ಬಂದ ಹಾಗೆಲ್ಲ ಒಂದಿಷ್ಟು ಕರಗಿ ಬರತೊಡಗಿದಾಗ, ಕನಿಕರವೂ ಅದರ ಜೊತೆಗೇ ಕರಗಿತು. ಮೊದಲು ಗಲ್ಲ ಹೋಯಿತು. ಆಮೇಲೆ ತೋಳು. ಆಮೇಲೆ ಒಂದು ದಿನ, ಹುಟ್ಟಿದಾಗಿನಿಂದ ಯಾರೂ ನೋಡಿರದ ಕೊರಳಿನ ಎಲುಬು ಕಾಣಿಸಿಕೊಂಡಿತು. ಗಿರಾಕಿಗಳು ಬಟ್ಟೆ ಕೊಡಲು ಬಂದವರು ಬಟ್ಟೆ ಮರೆತು ಅವಳನ್ನೇ ನೋಡುತ್ತ ನಿಲ್ಲುತ್ತಿದ್ದರು.

"ಅಯ್ಯೋ, ನೀವೇನಾ? ಗುರುತೇ ಸಿಗ್ಲಿಲ್ಲ! ಎಷ್ಟು ಚೆನ್ನಾಗಿ ಕಾಣ್ತಿದೀರಾ!" ಎಂದು ಹೇಳಿ, ನಂತರ ಕತ್ತರಿಸುವ ಮೇಜಿನ ಕಡೆ ತಿರುಗಿ ದನಿ ತಗ್ಗಿಸಿ, "ನೀವು ಯಾವಾಗ ಮಾಡಿಸ್ಕೊಳ್ಳೋದು?" ಎನ್ನುತ್ತಿದ್ದರು.

"ನನ್ನ ಬಟ್ಟೆ ಇನ್ನೂ ಹರಿದಿಲ್ಲ, ಹರಿದ ಮೇಲೆ ನೋಡೋಣ" ಎಂದು ದೊಡ್ಡವಳು ಹಲ್ಲು ಕಿರಿಯುತ್ತಿದ್ದಳು. ಅವರು ಹೋದ ಮೇಲೆ ಕತ್ತರಿ ಬಟ್ಟೆಯ ಮೇಲೆ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿತ್ತು.

ಎಲ್ಲಕ್ಕಿಂತ ಕಷ್ಟದ್ದು ತಂಗಿಯ ಬಟ್ಟೆಗಳು. ಅವನ್ನು ಬಿಗಿ ಮಾಡಿಕೊಡುವ ಕೆಲಸ ಅಕ್ಕನದೇ. ಟೇಪು ಹಿಡಿದು ತಂಗಿಯ ಸೊಂಟ ಸುತ್ತುವಾಗ ಮೊದಲು ಟೇಪು ಸಾಲುತ್ತಿರಲಿಲ್ಲ. ಈಗ ಕೈಯಲ್ಲಿ ಬಾಲದ ಹಾಗೆ ಉದ್ದಕ್ಕೆ ಉಳಿಯುತ್ತಿತ್ತು. ಒಂದು ಸಲ ಬಿಚ್ಚಿ ಹಿಡಿದ ಹೊಲಿಗೆಯನ್ನೇ ಮತ್ತೆ ಬಿಚ್ಚಿ ಇನ್ನಷ್ಟು ಹಿಡಿಯಬೇಕಿತ್ತು. ಕತ್ತರಿಸಿ ಕೆಳಗೆ ಬಿದ್ದ ಬಟ್ಟೆಯ ಪಟ್ಟಿಗಳನ್ನು ಗುಡಿಸುವಾಗ, ನನ್ನಿಂದ ಇಷ್ಟು ಯಾಕೆ ಉದುರಲಿಲ್ಲ ಎಂದು ಅವಳಿಗೆ ಅಳು ಬರುತ್ತಿತ್ತು. ನಿಜ ಹೇಳಿದ್ದಕ್ಕೆ ನನಗೆ ಶಿಕ್ಷೆ, ಏನೂ ತೊಂದರೆ ಇಲ್ಲದವಳಿಗೆ ಎಲ್ಲವೂ. ದೇವರು ಇವಳಿಗೆ ಮನಸ್ಸನ್ನೂ ಹಗುರವಾಗಿ ಕೊಟ್ಟ, ಮೈಯನ್ನೂ ಹಗುರ ಮಾಡಿದ.

ತಂಗಿಯ ಗಂಡ ಈಗ ಬೀದಿಯಲ್ಲಿ ಹೆಂಡತಿಯ ಪಕ್ಕದಲ್ಲೇ, ಕೈ ಹಿಡಿದುಕೊಂಡೇ ನಡೆಯುತ್ತಿದ್ದ. ಸಂಜೆ ಅಂಗಡಿಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಫೋನಿನಲ್ಲಿ ಹಳೆಯ ಫೋಟೊ, ಹೊಸ ಫೋಟೊ ಅಕ್ಕಪಕ್ಕ ಇಟ್ಟು ಡಿಪೋದ ಡ್ರೈವರುಗಳಿಗೆಲ್ಲ ತೋರಿಸಿದ್ದ. ಬಾಗಿಲಲ್ಲಿ ನಿಂತು ಅವರಿಬ್ಬರ ಬೆನ್ನು ನೋಡುತ್ತಿದ್ದ ದೊಡ್ಡವಳಿಗೆ, ತನಗೆ ಗಂಡನಿಲ್ಲದ್ದು ಅಷ್ಟು ವರ್ಷ ನೆನಪಾಗದೆ ಇದ್ದದ್ದು, ಈಗ ದಿನವೂ ನೆನಪಾಗತೊಡಗಿತು.

ಡಿಪೋದವರ ವಾರ್ಷಿಕ ಊಟ ಬಂತು. ಚಿಕ್ಕವಳು ಕಡುನೀಲಿ ಗೌನೊಂದನ್ನು ತಂದು, "ಇದನ್ನ ಹಿಡಿದುಕೊಡಕ್ಕ" ಎಂದು ಮೇಜಿನ ಮೇಲಿಟ್ಟು ಹೋದಳು. ದೊಡ್ಡವಳು ಸೊಂಟ ಸರಿಯಾಗಿಯೇ ಹಿಡಿದಳು. ಆದರೆ ಎಡಭುಜದ ಹೊಲಿಗೆಗೆ ಬಂದಾಗ ಕೈ ನಿಂತಿತು. ಯಾರೂ ಇಲ್ಲದ ಅಂಗಡಿಯಲ್ಲಿ, ಬೇಕೆಂದೇ, ಆ ಭುಜವನ್ನು ಬೆರಳಗಲ ಇಳಿಸಿದಳು. ಬೆನ್ನಿನ ಹೊಲಿಗೆಯ ದಾರವನ್ನು ಒಂದಿಷ್ಟು ಎಳೆದು ಬಟ್ಟೆ ಸುಕ್ಕುಗಟ್ಟುವ ಹಾಗೆ ಮಾಡಿದಳು. ಮಾಡಿ, ಅಚ್ಚುಕಟ್ಟಾಗಿ ಇಸ್ತ್ರಿ ಹಾಕಿಕೊಟ್ಟಳು.

ಊಟದ ಮರುದಿನ ಚಿಕ್ಕವಳು ಬಂದಾಗ ದೊಡ್ಡವಳು ಓರೆಗಣ್ಣಿನಿಂದ ಅವಳನ್ನೇ ಗಮನಿಸುತ್ತಿದ್ದಳು. ಕಾಲರು ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿಸಿ ಬಿಚ್ಚಿಸಿ ಅಕ್ಕನ ಪ್ರಾಣ ತಿನ್ನುತ್ತಿದ್ದವಳು ಅವಳು. ಈಗ ಜಗಳ ಗ್ಯಾರಂಟಿ. ಆದರೆ ಚಿಕ್ಕವಳು ಸುಮ್ಮನೆ ಯಂತ್ರದ ಮುಂದೆ ಕೂತಳು.

"ಗೌನು ಹೇಗಿತ್ತೇ?" ತಡೆಯಲಾರದೆ ದೊಡ್ಡವಳೇ ಕೇಳಿದಳು.

"ಹ್ಞೂಂ, ಚೆನ್ನಾಗಿತ್ತು."

"ಭುಜ?"

"ಚೆನ್ನಾಗಿತ್ತು ಅಂದ್ನಲ್ಲಕ್ಕ."

ದೊಡ್ಡವಳಿಗೆ ಕೆನ್ನೆಗೆ ಹೊಡೆದಂತಾಯಿತು. ನನ್ನ ಕೈಕೆಲಸವನ್ನು ಕಣ್ಣೆತ್ತಿ ನೋಡುವಷ್ಟೂ ಪುರುಸೊತ್ತಿಲ್ಲ ಇವಳಿಗೆ. ಸಣ್ಣಗಾದದ್ದೇ ಆದದ್ದು, ಸೊಕ್ಕು ಬೆಳೆಯಿತು. ಆ ದಿನ ಸಂಜೆ ಅಮ್ಮನ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. "ಮಾತಿಲ್ಲ ಕತೆಯಿಲ್ಲ. ನಮ್ಮ ಜೊತೆ ಊಟಕ್ಕೆ ಕೂರಲ್ಲ. ತಡವಾಗಿ ಬರ್ತಾಳೆ, ಹೊಲಿಯೋದ್ರಲ್ಲಿ ತಪ್ಪು ಮಾಡ್ತಾಳೆ. ರಾಣಿ ಥರ!"

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, "ರಾಣಿ ಮುಖ ಹಂಗಿರುತ್ತೇನೇ? ನಂಗ್ಯಾಕೋ ಅದು ಕಾಣೆಯಾದವರ ಮುಖ ಅನ್ಸುತ್ತೆ" ಎಂದಳು. ದೊಡ್ಡವಳು ಕೇಳಿಸಿಕೊಳ್ಳಲಿಲ್ಲ. ಅಮ್ಮನಿಗೆ ಮೊದಲಿನಿಂದಲೂ ಚಿಕ್ಕವಳೆಂದರೆ ಒಂದು ಕೈ ಜಾಸ್ತಿ.

ಇಷ್ಟರಲ್ಲಿ ದೊಡ್ಡವಳು ವಾರವಾರ ಮನೋವೈದ್ಯೆಯ ಹತ್ತಿರ ಹೋಗುತ್ತಿದ್ದಳು. ಯಾರಾದರೂ ನೋಡಿಯಾರು ಎಂದು ಆಸ್ಪತ್ರೆಯ ಹಿಂಬಾಗಿಲಿನಿಂದ ನುಸುಳುತ್ತಿದ್ದಳು. ಮಾತ್ರೆ ನುಂಗುತ್ತಿದ್ದಳು. ಅವಳಿಗೇ ತಿಳಿಯದಂತೆ ರಜೆಯ ದಿನ ಪರದೆ ಸರಿಯತೊಡಗಿತ್ತು. ಅಡುಗೆಮನೆಯ ಆ ತಿನ್ನಾಟವೂ ಪೂರ್ತಿ ನಿಂತಿರದಿದ್ದರೂ ಸಡಿಲಾಗಿತ್ತು. ಆದರೆ ಅವಳ ಗಮನ ಅದರ ಮೇಲಿರಲಿಲ್ಲ. ಬಾಯಿಬಿಟ್ಟರೆ ತಂಗಿಯದೇ ಸುದ್ದಿ. ಗೌನಿನ ಕತೆಯನ್ನೂ ತಲೆ ತಗ್ಗಿಸಿಕೊಂಡು ಹೇಳಿದಳು.

"ಹೊಟ್ಟೆಕಿಚ್ಚು ಪಡ್ತಿದೀನಿ ಮೇಡಂ. ಸ್ವಂತ ತಂಗಿ ಮೇಲೆ."

ಮನೋವೈದ್ಯೆ ಬೈಯಲಿಲ್ಲ. "ಅವರು ಭುಜ ನೋಡ್ಲೇ ಇಲ್ವಾ?" ಎಂದು ಕೇಳಿದರು.

"ಇಲ್ಲ. ಸೊಕ್ಕು."

"ಕೂದಲೆಳೆ ಓರೆಯಾದ್ರೂ ಬಿಚ್ಚಿಸ್ತಿದ್ರು ಅಂದ್ರಲ್ಲ. ಅಂಥವರಿಗೆ ಬೆರಳಗಲ ಕಾಣ್ಲಿಲ್ಲ ಅಂದ್ರೆ ಬರೀ ಸೊಕ್ಕು ಅನ್ಸುತ್ತಾ ನಿಮಗೆ? ಆಪರೇಷನ್ ಆದ ಮೇಲೂ ಬಂದು ನನ್ನ ಕಾಣಿ ಅಂತ ಅವರಿಗೆ ಹೇಳಿದ್ದೆ. ಒಂದು ಸಲಾನೂ ಬಂದಿಲ್ಲ."

ದೊಡ್ಡವಳು ಮುಖ ಊದಿಸಿಕೊಂಡು ಎದ್ದು ಬಂದಳು. ತನ್ನೊಬ್ಬಳದೇ ಎಂದು ಇದ್ದದ್ದು ಈ ಒಂದು ಕೋಣೆ. ಇಲ್ಲಿಯೂ ಅವಳ ಯೋಗಕ್ಷೇಮವೇ? ದಾರಿಯುದ್ದಕ್ಕೂ ಗೊಣಗಿಕೊಂಡಳು. ಆದರೆ ಬೀದಿ ತಿರುಗುವಷ್ಟರಲ್ಲಿ ಆ ಮಾತು ಬಟ್ಟೆಯಲ್ಲಿ ಉಳಿದ ಗುಂಡುಸೂಜಿಯ ಹಾಗೆ ಎಲ್ಲೋ ಚುಚ್ಚತೊಡಗಿತ್ತು.

ಅಂಗಡಿಯ ಬಾಗಿಲು ತೆರೆದೇ ಇತ್ತು. ಯಂತ್ರದ ಸೂಜಿ ಅರ್ಧ ಹೊಲಿದ ಸಮವಸ್ತ್ರದ ತೋಳಿನಲ್ಲಿ ನಿಂತಿತ್ತು, ದೀಪ ಉರಿಯುತ್ತಿತ್ತು. ತಂಗಿ ಇರಲಿಲ್ಲ. ಬಟ್ಟೆ ಹಾಕಿ ನೋಡುವ ಮೂಲೆಯ ಪರದೆ ಮುಚ್ಚಿತ್ತು, ಕೆಳಗೆ ಎರಡು ಬರಿಗಾಲು ಕಾಣುತ್ತಿದ್ದವು. ನಿಂತ ಕಾಲಲ್ಲ, ಚಾಚಿದ ಕಾಲು.

ದೊಡ್ಡವಳು ಪರದೆ ಸರಿಸಿದಳು. ಚಿಕ್ಕವಳು ಕನ್ನಡಿಗೆ ಬೆನ್ನು ಹಾಕಿ ನೆಲದ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎನ್ನಿಸುವಂತಿತ್ತು ಮುಖ.

"ಏನಾಯ್ತೇ? ಬಿದ್ದ್ಯಾ?"

"ಇಲ್ಲ. ಏಳೋಕೆ ಮನಸ್ಸಾಗ್ತಿಲ್ಲ. ಎಲ್ಲಿಗೆ ಹೋಗಿದ್ದೆ, ಅವರ ಹತ್ರಾನಾ?"

"ಹ್ಞೂಂ."

ಚಿಕ್ಕವಳು ತಲೆಯೆತ್ತಿ ನೋಡಿದಳು. "ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆ ಉರಿಯುತ್ತೆ ಗೊತ್ತಾ ಅಕ್ಕ?"

"ನನ್ನ ಕಂಡ್ರಾ? ನಿಂಗಾ?"

"ನಿನ್ನನ್ನ ಯಾರೋ ಕೂರಿಸಿಕೊಂಡು ಕೇಳ್ತಾರೆ, ಹೇಗಿದೀಯಾ ಅಂತ. ನೀನು ಚೆನ್ನಾಗಿಲ್ಲ ಅಂತ ಹೇಳ್ಬಹುದು. ನನ್ನ ನೋಡಿದೋರೆಲ್ಲ ಅವರೇ ಹೇಳ್ಬಿಡ್ತಾರೆ, ಎಷ್ಟು ಚೆನ್ನಾಗಿದೀಯಾ ಅಂತ. ಆಮೇಲೆ ನಾನೇನು ಹೇಳ್ಲಿ?"

"ಮತ್ತೆ ಆವತ್ತು... ನಿದ್ದೆ ಬರುತ್ತೆ, ಖುಷಿಯಾಗಿದೀನಿ ಅಂದಿದ್ದೆ?"

"ಸುಳ್ಳು. ಎಲ್ಲಾ ಸುಳ್ಳು. ನಿನಗಿದ್ದದ್ದು ನನಗೂ ಇತ್ತು, ಒಂದು ಹಿಡಿ ಜಾಸ್ತೀನೇ. ನೀನು ಅಳ್ಕೊಂಡು ಹೊರಗೆ ಬಂದೆ. ನಿಜ ಹೇಳಿದ್ರೆ ಮುಂದಕ್ಕೆ ಹಾಕ್ತಾರೆ ಅಂತ ಗೊತ್ತಾಯ್ತು. ಕೂದಲು ಸರಿಮಾಡ್ಕೊಂಡು ಹೋಗಿ ನಕ್ಕೆ." ಅವಳು ತನ್ನ ಸಣ್ಣ ಮಣಿಕಟ್ಟನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿದಳು. "ಮೊದಲು ಬೇಜಾರಾದ್ರೆ ತಿಂತಿದ್ದೆ. ಈಗ ಅದೂ ಆಗಲ್ಲ. ಎರಡು ತುತ್ತಿಗೆ ಗಂಟಲಿಗೆ ಬರುತ್ತೆ. ಬೇಜಾರು ಮಾತ್ರ ಹಂಗೇ ಇದೆ, ಇಡೋಕೆ ಜಾಗ ಇಲ್ಲ."

"ನಿನ್ನ ಗಂಡ ಅಷ್ಟು ಚೆನ್ನಾಗಿ..."

"ಕೈ ಹಿಡ್ಕೊಂಡು ನಡೀತಾರೆ. ಹೌದು. ಹಿಡಿದಾಗೆಲ್ಲ ಸಿಟ್ಟು ಬರುತ್ತೆ. ಇಷ್ಟು ವರ್ಷ ಹಿಂದೆ ಹಿಂದೆ ಏದುಸಿರು ಬಿಟ್ಕೊಂಡು ಬರ್ತಿದ್ದೋಳು ಯಾರ ಹೆಂಡ್ತಿ? ಈ ಸಣ್ಣೋಳನ್ನ ಅವರು ಮುದ್ದು ಮಾಡೋದು ನೋಡಿದ್ರೆ, ಮನೆಗೆ ಸವತಿ ಬಂದಂಗಾಗುತ್ತೆ. ಹುಚ್ಚು ಅಲ್ವಾ?"

ದೊಡ್ಡವಳಿಗೆ ಮೊದಲು ಉಂಟಾದದ್ದು ಸಂತೋಷ. ಅದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆದು ನಾಚಿಕೊಂಡಳು. ಆದರೆ ಆ ಕ್ಷಣ, ಇವಳಿಗೂ ಸಿಕ್ಕಿಲ್ಲ, ಇವಳೂ ಗೆದ್ದಿಲ್ಲ ಎಂದು ಒಳಗೆ ಏನೋ ತಣ್ಣಗಾದದ್ದು ನಿಜ. ಅದರ ಬೆನ್ನಿಗೇ ಹೆದರಿಕೆ ಬಂತು. ಆ ಮುಖ ಅವಳಿಗೆ ಪರಿಚಯವಿತ್ತು. ಪರದೆ ಎಳೆದ ಕೋಣೆಯಲ್ಲಿ ಅದನ್ನೇ ಅವಳೂ ಧರಿಸಿದ್ದಳು. ಕಷ್ಟಪಟ್ಟು ತಂಗಿಯ ಪಕ್ಕ ನೆಲಕ್ಕೆ ಕೂತಳು. ಆ ಮೂಲೆಯಲ್ಲಿ ಇಬ್ಬರೂ ಹಿಡಿಸಿದ್ದು ಅದೇ ಮೊದಲು. ತನ್ನನ್ನು ಮನೋವೈದ್ಯೆ ಒಮ್ಮೆ ಕೇಳಿದ್ದ ಪ್ರಶ್ನೆಯನ್ನೇ, ಅದೇ ನೇರ ದನಿಯಲ್ಲಿ ಕೇಳಿದಳು.

"ಸಾಯ್ಬೇಕು ಅನ್ಸಿದ್ಯಾ?"

ಚಿಕ್ಕವಳು ನೆಲದ ಮೇಲೆ ಬಿದ್ದಿದ್ದ ದಾರದ ತುಂಡೊಂದನ್ನು ಬೆರಳಿಗೆ ಸುತ್ತಿಕೊಂಡಳು. "ಬೆಳಿಗ್ಗೆ ಎಚ್ಚರ ಆಗದೇ ಇದ್ರೆ ಸಾಕು ಅನ್ಸುತ್ತೆ. ಈಚೆಗೆ ಅದಕ್ಕಿಂತ ಜಾಸ್ತಿ."

"ಏಳು."

"ಎಲ್ಲಿಗೆ?"

"ಏಳೇ. ನನ್ನೊಬ್ಬಳ ಕೈಲಿ ನನ್ನನ್ನೇ ಎಬ್ಬಿಸೋಕಾಗಲ್ಲ, ನೀನೂ ಕೈ ಕೊಡು."

ಅಂಗಡಿಯ ಬಾಗಿಲು ಎಳೆದು, ಅಮ್ಮನಿಗೆ ಕೂಗಿ ಹೇಳಿ, ದೊಡ್ಡವಳು ತಂಗಿಯನ್ನು ಆಟೋದಲ್ಲಿ ಕೂರಿಸಿಕೊಂಡು ಮತ್ತೆ ಆಸ್ಪತ್ರೆಗೆ ಹೋದಳು. ಈ ಸಲ ಮುಂಬಾಗಿಲಿನಿಂದಲೇ. ಮನೋವೈದ್ಯೆ ಎದ್ದು ಹೊರಡುವುದರಲ್ಲಿದ್ದರು. "ಗೌನಿನವಳನ್ನ ಕರ್ಕೊಂಡು ಬಂದಿದೀನಿ" ಎಂದಳು ದೊಡ್ಡವಳು. ಅವರು ಕೈಚೀಲ ಕೆಳಗಿಟ್ಟು ಚಿಕ್ಕವಳನ್ನು ಒಳಗೆ ಕರೆದುಕೊಂಡರು.

ಹೊರಗಿನ ಬೆಂಚಿನ ಮೇಲೆ ಕೂತು ಕೂತು ದೊಡ್ಡವಳಿಗೆ ಸೊಂಟ ಹಿಡಿಯಿತು. ಒಳಗಿನಿಂದ ತಂಗಿ ಬಿಕ್ಕುವುದು, ಮನೋವೈದ್ಯೆ ಮೆತ್ತಗೆ ಏನೋ ಹೇಳುವುದು ಕೇಳಿಸುತ್ತಿತ್ತು. ಮೇಡಂ ನನ್ನ ಹತ್ತಿರ ಇಷ್ಟು ಹೊತ್ತು ಯಾವತ್ತೂ ಮಾತಾಡಿರಲಿಲ್ಲ ಎಂದು ಅಂಥ ಹೊತ್ತಿನಲ್ಲೂ ಒಂದು ಕಿಡಿ ಹಾರಿತು. ಅವಳು ತನ್ನ ತೊಡೆಯನ್ನು ತಾನೇ ಚಿವುಟಿಕೊಂಡಳು.

ಮರುದಿನ ತಂಗಿಯ ಗಂಡನನ್ನೂ ಕರೆಸಿದರು. ಹೆಂಡತಿಯನ್ನು ಕೆಲವು ದಿನ ಒಬ್ಬಳನ್ನೇ ಬಿಡಬೇಡಿ ಎಂದದ್ದನ್ನು ಕೇಳಿ ಆತ ತಬ್ಬಿಬ್ಬಾದ. ಅಮ್ಮನ ಮನೆಗೆ ಬಂದು, "ಇಷ್ಟೆಲ್ಲಾ ಆದ್ಮೇಲೂ ಅವಳಿಗೇನು ಕಮ್ಮಿ ಆಗಿದೆ ಅತ್ತೆ? ನಾನು ಮೊದಲಿಗಿಂತ ಎಷ್ಟು ಚೆನ್ನಾಗಿ ನೋಡ್ಕೋತಿದೀನಿ" ಎಂದ.

"ಅದೇ ಕಣಪ್ಪ ಅವಳ ಕಾಯಿಲೆ. ಮೊದಲಿಗಿಂತ ಅನ್ನೋದು" ಎಂದಳು ಅಮ್ಮ. ಫೋನಿನ ಜೋಡಿ ಫೋಟೊ ಅಳಿಸಿದನೋ ಇಲ್ಲವೋ ಗೊತ್ತಿಲ್ಲ, ಯಾರಿಗೂ ತೋರಿಸುವುದನ್ನಂತೂ ಬಿಟ್ಟ.

ಚಿಕ್ಕವಳು ಸುಧಾರಿಸಿದ್ದು ನಿಧಾನವಾಗಿ, ಏಳುತ್ತ ಬೀಳುತ್ತ. ಹೊಟ್ಟೆ ಬದಲಾದದ್ದರಿಂದ ಮಾತ್ರೆ ಮೈಗೆ ಹಿಡಿಯುವ ರೀತಿಯೂ ಬದಲಾಗಿರಬಹುದು ಎಂದು ಮನೋವೈದ್ಯೆ ಅದನ್ನು ಬದಲಿಸಿ ಬದಲಿಸಿ ನೋಡಿದರು. ನಡುವೆ ಒಮ್ಮೆ ಮತ್ತೆ ಹಾಸಿಗೆ ಹಿಡಿದಳು. ಆಗ ಅಕ್ಕನ ಕೋಣೆಯಲ್ಲೇ ಇಟ್ಟುಕೊಂಡರು. ಹಾಸಿಗೆಯಲ್ಲಿ ಮಲಗಿಯೇ ಒಂದು ಮಧ್ಯಾಹ್ನ ಅವಳು, ಗೂಟಕ್ಕೆ ನೇತುಹಾಕಿದ್ದ ತನ್ನ ಬಟ್ಟೆಗಳ ಕಡೆ ನೋಡುತ್ತ, "ಆ ನೀಲಿ ಗೌನಿನ ಭುಜ ಯಾಕಕ್ಕ ಹಂಗೆ ಸೊಟ್ಟಗಿದೆ? ಇವತ್ತು ಕಣ್ಣಿಗೆ ಬಿತ್ತು" ಎಂದಳು. ದೊಡ್ಡವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಚಿಕ್ಕವಳು ಎರಡು ದಿನ ಮಾತು ಬಿಟ್ಟಳು. ಆಮೇಲೆ ಜಗಳವಾಯಿತು, ಜೋರಾಗಿಯೇ ಆಯಿತು. ತಂಗಿ ಕೂಗಾಡುವುದನ್ನು ಕೇಳಿ ಕೆಳಗೆ ಅಂಗಡಿಯಲ್ಲಿ ಕೂತಿದ್ದ ಅಮ್ಮ, "ಸದ್ಯ, ಧ್ವನಿ ಬಂತು" ಎಂದುಕೊಂಡಳು.

ವರ್ಷ ಕಳೆಯುವಷ್ಟರಲ್ಲಿ ಮನೋವೈದ್ಯೆ ದೊಡ್ಡವಳಿಗೆ, ಈಗ ಬೇಕಾದರೆ ಆಪರೇಷನ್ ಆಗಬಹುದು ಎಂದರು. ಅವಳು ಬಹಳ ಯೋಚಿಸಿದಳು. ಸಕ್ಕರೆ ಕಾಯಿಲೆ ಕಾಯುವ ಹಾಗಿರಲಿಲ್ಲ. ಮಾಡಿಸಿಕೊಂಡಳು. ಆದರೆ ತಂಗಿಯ ಹಾಗೆ ಅವಳ ಮೈ ಸರಸರ ಕರಗಲಿಲ್ಲ. ಸಕ್ಕರೆ ಹತೋಟಿಗೆ ಬಂತು, ತೂಕ ಮಾತ್ರ ಹಟ ಮಾಡಿ ಮಾಡಿ ಇಳಿಯಿತು. ಗಿರಾಕಿಗಳು ಈಗಲೂ ಚಿಕ್ಕವಳನ್ನೇ ಮೊದಲು ನೋಡುತ್ತಿದ್ದರು. ದೊಡ್ಡವಳಿಗೆ ಈಗಲೂ ಅದನ್ನು ಸಹಿಸಲಾಗುತ್ತಿರಲಿಲ್ಲ. ವ್ಯತ್ಯಾಸವೆಂದರೆ, ಈಗ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದಳು.

"ಇವತ್ತು ನಿನ್ನ ಮುಖ ನೋಡೋಕಾಗ್ತಿಲ್ಲ ಕಣೇ ನಂಗೆ. ಆಚೆ ತಿರುಗಿ ಕೂತ್ಕೋ."

"ನನಗೂ ನಿನ್ನ ನೋಡೋಕಾಗ್ತಿಲ್ಲ" ಎನ್ನುತ್ತಿದ್ದಳು ಚಿಕ್ಕವಳು. "ಯಾಕೆ ಅಂತ ಊಟ ಆದ್ಮೇಲೆ ಹೇಳ್ತೀನಿ."

ಇಬ್ಬರೂ ಸಣ್ಣ ಸಣ್ಣ ಬಟ್ಟಲು ಹಿಡಿದು ಮೇಜಿನ ಎರಡು ತುದಿಗೆ ಕೂತು, ನಿಧಾನಕ್ಕೆ, ಅಗಿದು ಅಗಿದು ಉಣ್ಣುತ್ತಿದ್ದರು.